ಮದ್ದಿಗೆ ಮೊದಲು ಒಂದು ಲೋಟ ನೀರು

ಕಳೆದ ಆಟಿ ತಿಂಗಳ ಒಂದು ಮಧ್ಯಾಹ್ನ, ಪಡೀಲಿನ ನಮ್ಮ ಸಂಘದ ಕಚೇರಿಗೆ ಬಂಟ್ವಾಳ ಕಡೆಯ ಸದಸ್ಯರೊಬ್ಬರು ಬಂದರು. ನೆನೆದ ಕೊಡೆಯನ್ನು ಬಾಗಿಲಿಗೆ ಒರಗಿಸಿ, ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿ ತಂದಿದ್ದ ಎರಡು ಶುಂಠಿ ಗಿಡಗಳನ್ನು ಮೇಜಿನ ಮೇಲಿಟ್ಟರು. “ಕಾರ್ಯದರ್ಶಿಗಳೇ, ಆ ಆರು ಗ್ರಾಮಿನ ಬಿಳಿ ಪುಡಿಯ ಪೊಟ್ಟಣ ಒಂದು ಇಪ್ಪತ್ತು ಕೊಡಿ ಮಾರಾಯ್ರೆ, ನಾಳೆಯೇ ಹೊಡೆಯಬೇಕು” ಎಂದರು. ಸಂಘದಲ್ಲಿ ಅದನ್ನು ಈಗ ಇಡುವುದಿಲ್ಲವೆಂದು ಹೇಳಿದೆವು. ಅವರಿಗೆ ಸಿಟ್ಟು ಬಂತು. “ಮತ್ತೆ ಸಂಘ ಇರುವುದು ಎಂತಕ್ಕೆ?” ಎಂದು ಕೇಳಿದರು.

ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅವರೊಬ್ಬರೇ ಅಲ್ಲ, ಮಳೆಗಾಲದಲ್ಲಿ ಹತ್ತಾರು ಮಂದಿ ಇದನ್ನೇ ಕೇಳುತ್ತಾರೆ. ಆದುದರಿಂದ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಕೊಡುವುದು ಸರಿಯೆಂದು ತೋರಿತು.

ಮೊದಲು ಆ ದಿನ ಮೇಜಿನ ಮೇಲೆ ನಡೆದುದನ್ನು ಹೇಳಿಬಿಡುತ್ತೇವೆ. ಚಹಾ ಕುಡಿಯುವ ಗಾಜಿನ ಲೋಟವೊಂದನ್ನು ತೊಳೆದು ತಿಳಿನೀರು ತುಂಬಿಸಿದೆವು. ಶುಂಠಿಯ ದಂಟನ್ನು ಬುಡದ ಹತ್ತಿರ ಚಾಕುವಿನಿಂದ ನೇರವಾಗಿ ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಹಿಡಿದೆವು. ದುಂಡಾಣುವಿನಿಂದ, ಅಂದರೆ ಬ್ಯಾಕ್ಟೀರಿಯಾದಿಂದ ಬಂದ ಸೊರಗು ರೋಗವಾಗಿದ್ದರೆ ಒಂದೆರಡು ನಿಮಿಷದಲ್ಲಿ ತುದಿಯಿಂದ ಹಾಲಿನ ನೂಲಿನಂತೆ ಬಿಳಿಯ ಎಳೆ ನೀರಿನೊಳಗೆ ಇಳಿಯಬೇಕು. ಐದು ನಿಮಿಷ ಕಾದೆವು. ನೀರು ತಿಳಿಯಾಗಿಯೇ ಇತ್ತು. ಗಿಡದ ಬುಡವಾದರೋ ಕೈಯಲ್ಲಿ ಹಿಡಿದರೆ ಕಳಚಿ ಬರುವಷ್ಟು ಮೆತ್ತಗಾಗಿ ಕೊಳೆತ ನಾತ ಹೊಡೆಯುತ್ತಿತ್ತು. ಅದು ಮೆದು ಕೊಳೆ. ಪಿಥಿಯಮ್ ಎಂಬ, ನೀರು ನಿಂತಲ್ಲಿ ಹುಟ್ಟಿ ಹರಡುವ ಬೂಷ್ಟಿನ ಜಾತಿಯ ಕೆಲಸ. ಇಪ್ಪತ್ತು ಪೊಟ್ಟಣ ಹೊಡೆದಿದ್ದರೂ ಆ ರೋಗಕ್ಕೆ ಏನೂ ಆಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ಹಾರೆ. ಸಾಲುಗಳ ನಡುವಿನ ಕಣಿ ಬಿಡಿಸಿ ನೀರು ಹೊರಗೆ ಹೋಗುವಂತೆ ಮಾಡಬೇಕಿತ್ತು.

ನಮ್ಮಲ್ಲಿ ಬಹುತೇಕ ತಪ್ಪುಗಳು ಇಲ್ಲಿಂದಲೇ ಶುರುವಾಗುತ್ತವೆ. ರೋಗ ಯಾವುದೆಂದು ತಿಳಿಯುವ ಮೊದಲೇ ಮದ್ದಿನ ಹೆಸರು ತಿಳಿದಿರುತ್ತದೆ. ಅಡಿಕೆಯ ಕೊಳೆರೋಗ ದುಂಡಾಣುವಿನದಲ್ಲ, ಅದು ಫೈಟಾಫ್ತೊರ. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಅದೇ ಕುಲದ್ದು. ಈಚಿನ ವರ್ಷಗಳಲ್ಲಿ ಮಲೆನಾಡಿನಲ್ಲೂ ನಮ್ಮ ಜಿಲ್ಲೆಯ ಘಟ್ಟದ ಬುಡದಲ್ಲೂ ತೋಟಗಳನ್ನು ಒಣಗಿಸಿದ ಎಲೆಚುಕ್ಕಿ ರೋಗ ಶಿಲೀಂಧ್ರದಿಂದ ಬರುವಂಥದು. ಕಾಫಿಯ ಕಪ್ಪು ಕೊಳೆಯೂ ಶಿಲೀಂಧ್ರವೇ. ಇವುಗಳ ಮೇಲೆ ದುಂಡಾಣುನಾಶಕ ಪುಡಿ ಹೊಡೆಯುವುದೆಂದರೆ ಇಲಿ ಹಿಡಿಯಲು ಗಾಳ ಹಾಕಿದಂತೆ. ಆದರೂ ಎಲೆಚುಕ್ಕಿ ಬಂದ ವರ್ಷ ಇದೇ ಪುಡಿಯನ್ನು ಶಿಲೀಂಧ್ರನಾಶಕದ ಜತೆ ಬೆರೆಸಿ ದೋಟಿಯಲ್ಲಿ ಹೊಡೆಸಿದವರು ನಮ್ಮ ಸದಸ್ಯರಲ್ಲೇ ಇದ್ದಾರೆ. “ಇರಲಿ, ಒಟ್ಟಿಗೆ ಹೋಗಲಿ” ಎಂಬುದು ಅವರ ಸಮಾಧಾನ.

ಹೀಗೆ ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತೆಂದು ಕೇಳುವವರಿರಬಹುದು. ನಾವೇ ಆ ತಪ್ಪು ಮಾಡಿದ್ದರಿಂದ ಬಂತು. ಸುಮಾರು ಹತ್ತು ವರ್ಷಗಳ ಹಿಂದೆ ಶುಂಠಿಗೆ ಒಳ್ಳೆಯ ಧಾರಣೆ ಇದ್ದಾಗ, ಎಳೆ ಅಡಿಕೆ ತೋಟಗಳ ನಡುವೆ ಶುಂಠಿ ಹಾಕುವ ಉತ್ಸಾಹ ಸದಸ್ಯರಲ್ಲಿ ಎದ್ದಿತು. ಸಂಘದಿಂದಲೇ ಬಿತ್ತನೆ ಶುಂಠಿ ತರಿಸಿಕೊಡೋಣವೆಂದು ನಾವು ಮುಂದಾದೆವು. ಘಟ್ಟದ ಮೇಲಿನ ವ್ಯಾಪಾರಿಯೊಬ್ಬರಿಂದ ಒಂದು ಲೋಡು ಬಂತು. ತುಂಬಿಕೊಂಡ, ಹೊಳೆಯುವ ಗಡ್ಡೆಗಳು. ಅವು ಯಾವ ಗದ್ದೆಯಲ್ಲಿ ಬೆಳೆದವು, ಆ ಗದ್ದೆಯಲ್ಲಿ ಸೊರಗು ಇತ್ತೇ ಎಂದು ನಾವು ಕೇಳಲಿಲ್ಲ, ಹೋಗಿ ನೋಡಲೂ ಇಲ್ಲ. ಆಟಿ ಬರುವುದರೊಳಗೆ ಒಂದೊಂದೇ ತೋಟದಿಂದ ಸುದ್ದಿ ಬರತೊಡಗಿತು. ಬೆಳಿಗ್ಗೆ ಹಸಿರಾಗಿದ್ದ ಎಲೆ ಮಧ್ಯಾಹ್ನಕ್ಕೆ ಸುರುಳಿ ಸುತ್ತಿ ಜೋತುಬೀಳುತ್ತಿತ್ತು. ವಾರದಲ್ಲಿ ಸಾಲು ಸಾಲೇ ಕಂಚಿನ ಬಣ್ಣಕ್ಕೆ ತಿರುಗುತ್ತಿತ್ತು. ಗಡ್ಡೆ ಮುರಿದು ಒತ್ತಿದರೆ ಹಾಲಿನಂತಹ ರಸ. ಆಗ ನಾವು ಮಾಡಿದ ಎರಡನೆಯ ತಪ್ಪು, ಆ ಬಿಳಿ ಪುಡಿಯನ್ನು ಪೆಟ್ಟಿಗೆಗಟ್ಟಲೆ ತರಿಸಿ ಹಂಚಿದ್ದು. ಎರಡು ಸಲ ಬುಡಕ್ಕೆ ಹೊಯ್ದವರೂ ಬೆಳೆ ಉಳಿಸಿಕೊಳ್ಳಲಿಲ್ಲ. ಮರುವರ್ಷ ಅದೇ ಜಾಗದಲ್ಲಿ ಬೇರೆ ಬೀಜ ಹಾಕಿದವರೂ ಕಳೆದುಕೊಂಡರು. ಬೀಜದ ಹಣವನ್ನು ಸಂಘ ಕಂತಿನಲ್ಲಿ ಬಿಟ್ಟುಕೊಟ್ಟಿತು. ಹೋದ ಮಣ್ಣಿಗೆ ಯಾವ ಕಂತು?

ಶುಂಠಿಯ ಈ ಸೊರಗಿಗೆ ಕಾರಣವಾದ ದುಂಡಾಣುವನ್ನು ಮೊದಲು ಸ್ಯೂಡೊಮೊನಾಸ್ ಸೊಲನೇಸಿಯಾರಮ್ ಎನ್ನುತ್ತಿದ್ದರು, ಈಗ ರಾಲ್‌ಸ್ಟೋನಿಯ ಎನ್ನುತ್ತಾರೆ. ಅದು ಗಿಡದ ನೀರು ಸಾಗಿಸುವ ನಾಳದೊಳಗೆ ಸೇರಿ ಅದನ್ನು ತುಂಬಿಬಿಡುತ್ತದೆ. ಬುಡದಲ್ಲಿ ನೀರಿದ್ದರೂ ಗಿಡ ಬಾಯಾರಿ ಸಾಯುತ್ತದೆ. ಸತ್ತ ಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತದೆ. ಮಳೆನೀರಿನೊಡನೆ ಕೆಳಗಿನ ತೋಟಕ್ಕೆ ಹೋಗುತ್ತದೆ, ಹಾರೆಯ ಬಾಯಿಗೆ ಅಂಟಿ ಬರುತ್ತದೆ, ಆಳುಗಳ ಪಾದಕ್ಕೆ ಅಂಟಿದ ಕೆಸರಿನಲ್ಲಿ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬೀಜದ ಗಡ್ಡೆಯೊಳಗೆ ಕುಳಿತು ಲಾರಿಯಲ್ಲಿ ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಊರಿನಲ್ಲಿ ಎಲೆಗೆ ಹೊಡೆದ ಪುಡಿ ಈ ನಾಳದೊಳಗಿನ ಶತ್ರುವಿಗೆ ತಲಪುವುದು ಹೇಗೆ? ತೊಳೆದು ಹೊಳೆಗೆ ಸೇರುವುದೇ ಹೆಚ್ಚು.

ಆ ಪುಡಿಯ ಪಾಲಿನಲ್ಲಿ ಹತ್ತರಲ್ಲಿ ಒಂಬತ್ತು ಭಾಗ ಸ್ಟ್ರೆಪ್ಟೊಮೈಸಿನ್, ಉಳಿದುದು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದಲ್ಲಿ, ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತದ್ದು. ಕ್ಷಯರೋಗಕ್ಕೆ ಸಿಕ್ಕಿದ ಮೊದಲ ಪರಿಣಾಮಕಾರಿ ಮದ್ದು ಅದೇ. ನಮ್ಮ ಹಿರಿಯರ ಕಾಲದಲ್ಲಿ ಕ್ಷಯವೆಂದರೆ ಮನೆಯೇ ಮುಚ್ಚಿದಂತೆ ಎಂಬುದು ಅರುವತ್ತು ದಾಟಿದ ಸದಸ್ಯರಿಗೆ ಗೊತ್ತಿದೆ. ಅಂಥ ಮದ್ದನ್ನು ಬಕೆಟಿನಲ್ಲಿ ಕಲಸಿ, ಬರಿಗೈಯಲ್ಲಿ ತಿರುವಿ, ಗದ್ದೆಗೆ ಹೊಯ್ಯುತ್ತಿದ್ದೇವೆ. ಪದೇ ಪದೇ ಹೊಯ್ದಲ್ಲಿ ಮದ್ದಿಗೆ ಸಾಯದ ದುಂಡಾಣುಗಳು ಉಳಿದು ಹೆಚ್ಚುತ್ತವೆ. ಅಮೆರಿಕದ ಪಶ್ಚಿಮ ಕರಾವಳಿಯ ಹಣ್ಣಿನ ತೋಟಗಳಲ್ಲಿ ಬೆಂಕಿರೋಗದ ದುಂಡಾಣು ಸ್ಟ್ರೆಪ್ಟೊಮೈಸಿನ್ನಿಗೆ ಬಗ್ಗದಂತಾದುದು 1970ರ ದಶಕದ ಆರಂಭದಲ್ಲೇ ಕಂಡುಬಂದಿತ್ತು. ಇನ್ನೂ ಕೆಟ್ಟದೆಂದರೆ, ಹೀಗೆ ಒಗ್ಗಿಕೊಂಡ ಗುಣವನ್ನು ಒಂದು ಜಾತಿಯ ದುಂಡಾಣು ಇನ್ನೊಂದಕ್ಕೆ ದಾಟಿಸಬಲ್ಲದು. ಗದ್ದೆಯ ಮಣ್ಣಿಗೂ ಆಸ್ಪತ್ರೆಯ ಮಂಚಕ್ಕೂ ನಡುವೆ ಗೋಡೆಯಿಲ್ಲ.

2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಈ ಮಿಶ್ರಣವನ್ನು ಬೇಸಾಯದಿಂದ ತೆಗೆದುಹಾಕುವ ಕರಡು ಆದೇಶ ಪ್ರಕಟಿಸಿತು. 2024ರ ಜನವರಿ 1ರಿಂದ ಬಳಕೆ ಪೂರ್ತಿ ನಿಲ್ಲಬೇಕೆಂಬುದು ಅದರಲ್ಲಿದ್ದ ಮಾತು. ಅಡಿಕೆ ಸಸಿಗಳ ದುಂಡಾಣು ಎಲೆಪಟ್ಟೆ ರೋಗಕ್ಕೆ ಇದೇ ಮದ್ದನ್ನು ಹದಿನೈದು ದಿನಕ್ಕೊಮ್ಮೆ ಹೊಡೆಯಿರೆಂದು ಹಳೆಯ ಕೈಪಿಡಿಗಳಲ್ಲಿ ಅಚ್ಚಾಗಿದೆಯಲ್ಲ ಎಂದು ಒಬ್ಬ ಹಿರಿಯ ಸದಸ್ಯರು ಪುಸ್ತಕ ತಂದೇ ತೋರಿಸಿದರು. ಅಚ್ಚಾಗಿರುವುದು ನಿಜ. ಆ ಕೈಪಿಡಿ ಬರೆದ ಕಾಲದಲ್ಲಿ ಅದು ತಿಳಿದಷ್ಟು ತಿಳಿವಳಿಕೆ. ನಮ್ಮ ಸಂಘದ ನಿಲುವು ಸರಕಾರದ ಕಾಗದವನ್ನು ಕಾದು ನಿಂತದ್ದಲ್ಲ. ಶುಂಠಿಯ ವರ್ಷದ ಪಾಠವೇ ಸಾಕಾಗಿತ್ತು.

ಹಾಗಾದರೆ ಮಾಡಬೇಕಾದ್ದೇನು? ಶುಂಠಿಯ ಮಟ್ಟಿಗೆ ನಮ್ಮ ಅನುಭವ ಇಷ್ಟು. ಮುಕ್ಕಾಲು ಪಾಲು ಕೆಲಸ ಬೀಜದಲ್ಲಿದೆ. ಮಳೆಗಾಲದಲ್ಲಿ, ಗಿಡ ಹಸಿರಾಗಿರುವಾಗಲೇ, ಬೀಜಕ್ಕೆ ಇಡುವ ಗದ್ದೆಯನ್ನು ಹೋಗಿ ನೋಡಬೇಕು. ಸುಗ್ಗಿಯ ಹೊತ್ತಿಗೆ ಗಡ್ಡೆ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದೇ ಒಂದು ಸಾಲಿನಲ್ಲಿ ಸೊರಗು ಕಂಡಿದ್ದರೂ ಆ ಗದ್ದೆಯ ಶುಂಠಿ ಅಡಿಗೆಗೆ, ಒಣಶುಂಠಿಗೆ ಹೋಗಲಿ, ಬಿತ್ತನೆಗೆ ಬೇಡ. ಮಾತು ಸುಲಭ, ಮಾಡುವುದು ಕಷ್ಟವೆಂದು ಬಲ್ಲೆವು. ಕೊಡಗು, ಹಾಸನ, ಮೈಸೂರು ಕಡೆ ಗದ್ದೆಯನ್ನು ಒಂದೆರಡು ವರ್ಷಕ್ಕೆ ಗೇಣಿಗೆ ಹಿಡಿದು ಶುಂಠಿ ಬೆಳೆದು ಮುಂದಿನ ಊರಿಗೆ ಹೋಗುವ ಪದ್ಧತಿ ಬೆಳೆದಿದೆ. ಅಂಥಲ್ಲಿಂದ ಬಂದ ಬೀಜದ ಜಾತಕ ಹೇಳುವವರು ಯಾರು? ಆದುದರಿಂದ ಮನೆಬಳಕೆಗೆ ಬೆಳೆದದ್ದರಲ್ಲೇ ನಾಲ್ಕು ಒಳ್ಳೆಯ ಸಾಲನ್ನು ಬೀಜಕ್ಕೆಂದು ಪ್ರತ್ಯೇಕಿಸಿಡುವ ಅಜ್ಜಿಯಂದಿರ ಕ್ರಮವೇ ಲೇಸು.

ಎರಡನೆಯದು ಜಾಗ. ಶುಂಠಿ ತೆಗೆದಲ್ಲಿ ಮತ್ತೆ ಶುಂಠಿ ಬೇಡ. ಬದನೆ, ಟೊಮೇಟೊ, ಮೆಣಸಿನಕಾಯಿಯೂ ಬೇಡ, ಅವೂ ಇದೇ ಸೊರಗಿಗೆ ತುತ್ತಾಗುವ ಬೆಳೆಗಳು. ಬೈಲುಗದ್ದೆ ಇದ್ದವರು ನಡುವೆ ಭತ್ತ ತೆಗೆಯಬಹುದು. ತರಕಾರಿ ಬೇಕೇ ಬೇಕಾದವರಿಗೆ ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸೊರಗು ತಡೆಯುವ ತಳಿಗಳನ್ನು ಕೊಟ್ಟಿದ್ದಾರೆ. ಬದನೆಯಲ್ಲಿ ಅರ್ಕಾ ಕೇಶವ, ಅರ್ಕಾ ನಿಧಿ. ಟೊಮೇಟೊದಲ್ಲಿ ಅರ್ಕಾ ರಕ್ಷಕ್. ಬೇಲಿಬದಿಯ ಕಾಡು ಸುಂಡೆಗೆ ಬದನೆ ಕಸಿ ಕಟ್ಟಿ ಸೊರಗಿನಿಂದ ಪಾರಾಗುವ ಉಪಾಯವೂ ಇದೆ. ನಮ್ಮ ಮನೆಯ ಹಿತ್ತಿಲಲ್ಲಿ ಅಂಥ ಎರಡು ಗಿಡ ಮೂರನೆಯ ವರ್ಷವೂ ಕಾಯಿ ಬಿಡುತ್ತಿವೆ.

ಮೂರನೆಯದು ಬಿಸಿಲು. ಮಡಿ ಮಾಡಿ, ನೀರು ಹನಿಸಿ, ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದೆಸಿ, ಅಂಚಿಗೆ ಮಣ್ಣು ಒತ್ತಿ 40 ದಿನ ಬಿಟ್ಟರೆ ಒಳಗಿನ ಕಾವಿಗೆ ರೋಗಾಣುಗಳ ಬಲ ಬಹಳ ಕುಗ್ಗುತ್ತದೆ. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವ ಕ್ರಮ ಇದು. ಕಪ್ಪು ಹಾಳೆ ಹಾಕಿ ‘ಏನೂ ಆಗಲಿಲ್ಲ’ ಎಂದವರಿದ್ದಾರೆ. ಬಿಸಿಲು ಒಳಗಿಳಿಯಬೇಕಾದರೆ ಹಾಳೆ ಬಿಳಿಯ ಪಾರದರ್ಶಕವೇ ಆಗಬೇಕು. ಮಾರ್ಚ್ ಮೊದಲ ವಾರದಲ್ಲಿ ಹಾಸಿದರೆ ಏಪ್ರಿಲ್ ಕೊನೆಯ ಬಿತ್ತನೆಗೆ ಸರಿಯಾಗುತ್ತದೆ. ಆದರೆ ಒಂದು ಮಾತು ಮುಚ್ಚಿಡಬಾರದು. ಫಸಲು ಬಿಡುವ ಅಡಿಕೆ ತೋಟದ ನೆರಳಿನಲ್ಲಿ ಇದು ನಡೆಯುವುದಿಲ್ಲ. ಬಿಸಿಲೇ ಬೀಳದಲ್ಲಿ ಹಾಳೆ ಹೊದೆಸುವುದು ಬರಿಯ ಖರ್ಚು. ಬಯಲಿನಲ್ಲಿ ಮಡಿ ಇದ್ದವರಿಗೆ ಮಾತ್ರ ಇದು.

ನಾಲ್ಕನೆಯದು ಗೆಳೆಯ ದುಂಡಾಣುಗಳು. ದುಂಡಾಣುಗಳೆಲ್ಲ ಶತ್ರುಗಳಲ್ಲ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಜಾತಿಯವು ಬೇರಿನ ಸುತ್ತ ನೆಲೆಸಿ ರೋಗಕಾರಿಗಳಿಗೆ ಜಾಗ ಬಿಡುವುದಿಲ್ಲ. ಶುಂಠಿಯ ಸೊರಗಿಗೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬುದನ್ನು ಕಲ್ಲಿಕೋಟೆಯವರು ಬೆಳೆಸಿ ಕೊಟ್ಟಿದ್ದಾರೆ. ಇವು ತಡೆಯುವ ಮದ್ದು. ರೋಗ ಬಂದ ಮೇಲೆ ಸುರಿದು ಚಮತ್ಕಾರ ಕಾಯಬಾರದು. ಬಿತ್ತನೆಯ ದಿನವೇ ಗಡ್ಡೆ ಅದ್ದಬೇಕು, ಗೊಬ್ಬರದ ಜತೆ ಕೊಡಬೇಕು. ಇದರಲ್ಲೂ ಸಂಘ ಒಮ್ಮೆ ಎಡವಿದೆ. ಜೀವಾಣುವಿನ ಚೀಲಗಳನ್ನು ಬೇಸಗೆಯಿಡೀ ತಗಡು ಮಾಡಿನ ಗೋದಾಮಿನಲ್ಲಿಟ್ಟಿದ್ದೆವು. ಜೂನಿನಲ್ಲಿ ಸದಸ್ಯರಿಗೆ ಕೊಟ್ಟದ್ದರಲ್ಲಿ ಜೀವ ಎಷ್ಟು ಉಳಿದಿತ್ತೋ, ಸುಣ್ಣದ ಪುಡಿ ಎಷ್ಟಿತ್ತೋ! ಈಗ ಬೇಡಿಕೆ ಬರೆದುಕೊಂಡು ಬಿತ್ತನೆಯ ವಾರಕ್ಕೆ ಮಾತ್ರ ತರಿಸುತ್ತೇವೆ. ಪೊಟ್ಟಣದ ಮೇಲಿನ ತಯಾರಿ ದಿನಾಂಕ ಓದದೆ ಯಾರೂ ಹಣ ಕೊಡಬೇಡಿ, ನಮ್ಮಲ್ಲೂ ಕೊಡಬೇಡಿ. ಮೈಲುತುತ್ತಿನ ಜತೆಗೆ ಇವನ್ನು ಬೆರೆಸಿದರೆ ಗೆಳೆಯರೂ ಸಾಯುತ್ತಾರೆ.

ಸೆಗಣಿಯ ಮಾತು ಬಂದಾಗ ಎರಡು ಪಂಗಡವಾಗುತ್ತದೆ. ಒಂದು ಪಂಗಡಕ್ಕೆ ಸೆಗಣಿಯಲ್ಲಿ ವಾಸಿಯಾಗದ ರೋಗವಿಲ್ಲ, ಇನ್ನೊಂದಕ್ಕೆ ಅದು ಬರಿಯ ನಂಬಿಕೆ. ಭತ್ತದ ದುಂಡಾಣು ಅಂಗಮಾರಿಗೆ ಲೀಟರ್ ನೀರಿಗೆ 20 ಗ್ರಾಂ ಹಸಿ ಸೆಗಣಿ ಕದಡಿ, ತಿಳಿ ಸೋಸಿ ಎಲೆಗೆ ಸಿಂಪಡಿಸುವುದನ್ನು ಕೇರಳ ಕೃಷಿ ವಿಶ್ವವಿದ್ಯಾನಿಲಯದ ಬೇಸಾಯ ಕೈಪಿಡಿಯೇ ಹೇಳುತ್ತದೆ. ಅಂದರೆ ಅದರಲ್ಲಿ ಹುರುಳಿದೆ. ಆದರೆ ಎಲೆಯ ಮೇಲಿನ ರೋಗಕ್ಕೆ ಸಂದದ್ದು ನಾಳದೊಳಗಿನ ಸೊರಗಿಗೂ ಸಲ್ಲಬೇಕೆಂದಿಲ್ಲ. ಅಂಗಡಿಯ ಪುಡಿಯನ್ನು ಕಣ್ಣುಮುಚ್ಚಿ ಹೊಡೆಯುವುದು ತಪ್ಪಾದರೆ, ಹಟ್ಟಿಯ ಗಂಜಳವನ್ನು ಕಣ್ಣುಮುಚ್ಚಿ ಹೊಯ್ಯುವುದೂ ಅದೇ ತಪ್ಪು.

ಬೋರ್ಡೋ ದ್ರಾವಣದ ಬಗ್ಗೆಯೂ ಒಂದು ಮಾತು. ಕೊಳೆರೋಗಕ್ಕೆ ಅದು ಬೇಕು, ಅದನ್ನು ನಾವು ಬಿಡುವವರಲ್ಲ. ಎಲೆಯ ಮೇಲಿನ ದುಂಡಾಣುವಿಗೂ ತಾಮ್ರ ಅಡ್ಡಿಯೇ. ಆದರೆ ಲೆಕ್ಕ ಹಾಕಿ ನೋಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, ಅದರಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 500 ಲೀಟರ್ ಎಂದು ಹಿಡಿದರೆ ಹೆಕ್ಟೇರಿಗೆ ಒಂದು ಸಲಕ್ಕೆ ಸುಮಾರು 3 ಕಿಲೋ ತಾಮ್ರ, ಎರಡು ಸಲಕ್ಕೆ 6 ಕಿಲೋ. ಯುರೋಪಿನ ದೇಶಗಳಲ್ಲಿ ಏಳು ವರ್ಷಕ್ಕೆ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ ಮಿತಿ. ತಾಮ್ರ ಕೊಳೆಯುವುದಿಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ಅಡಿಕೆಗೆ ಹೊಡೆದು ಮಿಕ್ಕಿದ್ದನ್ನು ಶುಂಠಿಗೂ ಬಾಳೆಗೂ ಬುಡಕ್ಕೆ ಹೊಯ್ಯುವ ಧಾರಾಳವನ್ನು ನಿಲ್ಲಿಸೋಣ.

ಕಾಫಿ ಬೆಳೆಗಾರ ಸದಸ್ಯರು ಇದೆಲ್ಲ ತಮಗೆ ಸಂಬಂಧವಿಲ್ಲವೆಂದು ಪುಟ ತಿರುವಬಾರದು. ಕಾಫಿ ತೋಟಗಳ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ಎಲ್ಲಿ ಹೋಯಿತು? ಅದರ ಇಳಿತಕ್ಕೆ ಕಾರಣ ಹಲವು. ಅವುಗಳಲ್ಲೊಂದು ಎಲೆ ಹಳದಿಗೊಳಿಸಿ ಮರವನ್ನು ಬಡಕಲಾಗಿಸುವ ‘ಗ್ರೀನಿಂಗ್’ ಎಂಬ ದುಂಡಾಣು ರೋಗ. ಸಣ್ಣ ಹಾರುಹೇನು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ರೋಗದ ಮರದಿಂದ ಕಟ್ಟಿದ ಕಸಿ ಊರಿಂದೂರಿಗೆ ಒಯ್ಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಅದು 2005ರಲ್ಲಿ ಕಾಣಿಸಿತು. ಅಲ್ಲಿ 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆಯುತ್ತಿದ್ದರು. 2022-23ರಲ್ಲಿ ಅದು 2 ಕೋಟಿಗಿಂತ ಕೆಳಗಿಳಿಯಿತು. ಹಣಕ್ಕೂ ವಿಜ್ಞಾನಿಗಳಿಗೂ ಕೊರತೆಯಿಲ್ಲದ ನಾಡು ಅದು. ಇಟೆಲಿಯ ದಕ್ಷಿಣದಲ್ಲಿ 2013ರಲ್ಲಿ ಕಂಡುಬಂದ ಕ್ಸೈಲೆಲ್ಲಾ ಎಂಬ ದುಂಡಾಣು ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿತು. ಮಧ್ಯ ಅಮೆರಿಕದಿಂದ ಅಲಂಕಾರಕ್ಕೆಂದು ತಂದ ಕಾಫಿ ಗಿಡದಲ್ಲಿ ಅದು ಬಂದಿರಬೇಕೆಂದು ವಿಜ್ಞಾನಿಗಳು ತರ್ಕಿಸುತ್ತಾರೆ. ಬ್ರೆಜಿಲಿನಲ್ಲಿ ಕಾಫಿಗೇ ಅದರ ಕಾಟವಿದೆ. ವಿದೇಶಕ್ಕೆ ಹೋಗಿ ಬರುವ ಮಕ್ಕಳ ಚೀಲದಲ್ಲಿ ‘ಒಂದು ಒಳ್ಳೆಯ ತಳಿಯ ಕಡ್ಡಿ’ ತರಿಸುವ ಆಸೆ ನಮ್ಮ ಕೆಲವು ಸದಸ್ಯರಿಗಿದೆ. ದಯವಿಟ್ಟು ಬೇಡ.

ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಸಂಪಾಜೆ, ಅರಂತೋಡು, ಮರ್ಕಂಜ, ಚೆಂಬು ಕಡೆಯ ಸದಸ್ಯರ ಮುಖ ಕಣ್ಣಮುಂದೆ ಬರುತ್ತದೆ. ಹೊರಸುತ್ತಿನ ಸೋಗೆಯ ತುದಿ ಹಳದಿಯಾಗುವುದರಿಂದ ಆರಂಭವಾಗಿ, ಅಡಿಕೆಯ ತಿರುಳು ಕಪ್ಪಾಗಿ, ತಲೆ ಕುಗ್ಗಿ, ತಲೆಮಾರಿನ ತೋಟ ಕಣ್ಣೆದುರೇ ಬರಡಾದುದನ್ನು ಅವರು ಕಂಡಿದ್ದಾರೆ. ಕೇರಳದಲ್ಲಿ 1914ರಲ್ಲೇ ಗುರುತಿಸಿದ ರೋಗ ಇದು. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ. ಕೋಶದ ಗೋಡೆಯಿಲ್ಲದ ದುಂಡಾಣು ಎನ್ನಬಹುದು. ಇಂಥವು ಗಿಡಕ್ಕೆ ರೋಗ ತರುತ್ತವೆಂದು ಜಪಾನಿನವರು 1967ರಲ್ಲಷ್ಟೇ ತೋರಿಸಿಕೊಟ್ಟರು. ಇದನ್ನು ಹರಡುವುದು ಒಂದು ಜಿಗಿಹುಳು. ಟೆಟ್ರಾಸೈಕ್ಲಿನ್ ಚುಚ್ಚಿದರೆ ಗುಣವಾಗುತ್ತದೆಂದು ಹೇಳಿಕೊಂಡು ಊರೂರು ತಿರುಗುವವರಿದ್ದಾರೆ. ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಇದೇ ಬಗೆಯ ರೋಗ ಬಂದ ತೆಂಗಿಗೆ ಚುಚ್ಚಿ ನೋಡಿದ್ದಾರೆ. ಚುಚ್ಚುತ್ತಿರುವಷ್ಟು ಕಾಲ ಲಕ್ಷಣ ಅಡಗುತ್ತದೆ, ಕೆಲವು ತಿಂಗಳಿಗೊಮ್ಮೆ ಚುಚ್ಚುತ್ತಲೇ ಇರಬೇಕು. ರಸ್ತೆಬದಿಯ ಅಂದದ ಮರಕ್ಕೆ ಅದು ಸರಿಹೋದೀತು, ಜನರ ಬಾಯಿಗೆ ಹೋಗುವ ಅಡಿಕೆಗೆ ಅಲ್ಲ. ರೋಗದ ತೋಟಗಳ ನಡುವೆಯೇ ಹಸಿರಾಗಿ ನಿಂತ ಮರಗಳನ್ನು ಆರಿಸಿ ಅವುಗಳಿಂದ ಸಸಿ ಎಬ್ಬಿಸುವ ಕೆಲಸವನ್ನು ಕಾಸರಗೋಡು ಮತ್ತು ವಿಟ್ಲದ ಸಂಶೋಧಕರು ಹಿಡಿದಿದ್ದಾರೆ. ದಾರಿ ದೀರ್ಘ. ಅಷ್ಟರವರೆಗೆ ರೋಗದ ಊರಿನ ಸಸಿ ಹೊರಗೆ ಹೋಗದಿರಲಿ, ತೋಟದಲ್ಲಿ ಕಾಳುಮೆಣಸು, ಜಾಯಿಕಾಯಿ, ಕಾಫಿಯಂಥ ಎರಡನೆಯ ಆದಾಯ ನಿಲ್ಲಲಿ ಎಂದಷ್ಟೇ ಹೇಳಬಲ್ಲೆವು. ಅಂಥ ಊರಿನ ಸದಸ್ಯರಿಗೆ ಸಾಲದ ಕಂತಿನಲ್ಲಿ ಉಳಿದವರಿಗಿಂತ ಹೆಚ್ಚು ಕಾಲಾವಕಾಶ ಸಿಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಆಡಳಿತ ಮಂಡಳಿಯಲ್ಲಿ ಎಲ್ಲರೂ ಒಪ್ಪಿಲ್ಲ. ಮಹಾಸಭೆಯಲ್ಲಿ ಮತ್ತೆ ಎತ್ತುತ್ತೇವೆ.

“ಇಷ್ಟೆಲ್ಲ ಮಾಡಲು ಆಳು ಎಲ್ಲಿದ್ದಾರೆ? ಪೊಟ್ಟಣವಾದರೆ ಅರ್ಧ ದಿನದ ಕೆಲಸ” ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಸತ್ಯವಿದೆ. ಕಣಿ ಬಿಡಿಸುವವರ ಕೂಲಿ ನಮಗೂ ಗೊತ್ತು. ಅದಕ್ಕೇ ಒಬ್ಬೊಬ್ಬರಾಗಿ ಮಾಡಲಾಗದ್ದನ್ನು ಸಂಘವೇ ಮಾಡಬೇಕೆಂದು ಮಹಾಸಭೆಯ ಮುಂದೆ ಎರಡು ಸಲಹೆ ಇಡುತ್ತಿದ್ದೇವೆ. ಸೆಪ್ಟೆಂಬರಿನಲ್ಲಿ ಮೂವರು ಸದಸ್ಯರ ತಂಡ ಬೀಜದ ಶುಂಠಿಯ ಗದ್ದೆಗಳನ್ನು ಕಣ್ಣಾರೆ ನೋಡಿ ಗುರುತು ಹಾಕಿ ಬರಬೇಕು. ಪ್ರಯಾಣದ ಖರ್ಚು ಸಂಘದ್ದು. ಪಾರದರ್ಶಕ ಹಾಳೆಯನ್ನು ಸಂಘ ಕೊಂಡು ಬಾಡಿಗೆಗೆ ಕೊಟ್ಟು ಏಪ್ರಿಲಿನಲ್ಲಿ ಹಿಂದೆ ಪಡೆಯಬೇಕು. ಹರಿದ ಹಾಳೆ ತೋಡಿಗೆ ಸೇರದಿರಲು ಇದೊಂದೇ ದಾರಿ.

ಮಳೆಗಾಲವಿಡೀ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಪಡೀಲಿನ ಕಚೇರಿಯಲ್ಲಿ ಲೋಟ, ಚಾಕು ಸಿದ್ಧವಿರುತ್ತವೆ. ಜಿಲ್ಲಾಧಿಕಾರಿಗಳ ಕಚೇರಿಯೂ 2025ರಲ್ಲಿ ಪಡೀಲಿಗೇ ಬಂದಿರುವುದರಿಂದ ಬೇರೆ ಕೆಲಸಕ್ಕೆ ಬರುವ ಸದಸ್ಯರು ಗಿಡವನ್ನೂ ಜತೆಗೆ ತರಬಹುದು. ಪೂರ್ತಿ ಸತ್ತ ಗಿಡ ಬೇಡ, ಆಗ ತಾನೇ ಬಾಡತೊಡಗಿದ್ದನ್ನು ಬೇರು ಮಣ್ಣು ಸಹಿತ ಕಿತ್ತು, ಕಾಗದದಲ್ಲಿ ಸುತ್ತಿ, ಅದೇ ದಿನ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆತು ಯಾವ ರೋಗವೆಂದು ತಿಳಿಯದು. ನಮ್ಮ ಲೋಟಕ್ಕೆ ನಿಲುಕದ್ದನ್ನು ವಿಟ್ಲಕ್ಕೆ ಕಳುಹಿಸಿಕೊಡುತ್ತೇವೆ. ಗಿಡ ಎಬ್ಬಿಸಿದ ಹಾರೆಯನ್ನು ಮಾತ್ರ ಇನ್ನೊಂದು ಸಾಲಿಗೆ ಹಾಕುವ ಮೊದಲು ತೊಳೆಯಿರಿ.